ಏರ್ ರೈಫಲ್‌ನ ಗ್ರೂಪ್ ಚದುರುತ್ತಿದೆ: ಪೆಲೆಟ್ ಓರೆಯಾಗಿ ಕೂರುತ್ತಿರಬಹುದೇ?

ಪ್ರಶ್ನೆ (ಕುವೆಂಪುನಗರ, ಮೈಸೂರು):
ಎಲ್ಲರಿಗೂ ನಮಸ್ಕಾರ. ಹತ್ತು ಮೀಟರ್ ಸ್ಪರ್ಧೆಗೆ ಅಭ್ಯಾಸ ಮಾಡುತ್ತಿರುವ ಮಗಳಿಗಾಗಿ, ಬೇರೊಬ್ಬರು ಬಳಸಿದ್ದ, ಒತ್ತಿದ ಗಾಳಿಯ ಸಿಲಿಂಡರ್ ಇರುವ ಏರ್ ರೈಫಲ್ ಒಂದನ್ನು ಕೊಂಡಿದ್ದೇವೆ. ಮರಳು ಚೀಲದ ಮೇಲಿಟ್ಟು ಹೊಡೆದರೂ ಪೆಲೆಟ್‌ಗಳು (ಸೀಸದ ಪುಟ್ಟ ಗುಂಡುಗಳು) ಒಂದೇ ಕಡೆ ಗ್ರೂಪ್ ಆಗಿ ಬೀಳದೆ ಒಮ್ಮೆ ಎಡಕ್ಕೆ, ಒಮ್ಮೆ ಮೇಲಕ್ಕೆ ಬೀಳುತ್ತಿವೆ. ಹತ್ತು ಅಂಕದ ಚುಕ್ಕೆಯ ವ್ಯಾಸ 0.5 ಮಿ.ಮೀ., ಒಂಬತ್ತರ ವೃತ್ತದ್ದು 5.5 ಮಿ.ಮೀ. ಮಾತ್ರ ಇರುವ ಗುರಿಹಲಗೆಯಲ್ಲಿ ಇಂಥ ಚದುರುವಿಕೆಯನ್ನು ಇಟ್ಟುಕೊಂಡು ಅಭ್ಯಾಸ ಮಾಡಿಸುವುದು ವ್ಯರ್ಥ. ಸೈಟ್‌ನ (ಗುರಿ ನೋಡುವ ಸಾಧನದ) ಕ್ಲಿಕ್ ತಿರುಗಿಸಿದ್ದೇವೆ, ಸ್ಟಾಕ್‌ನ ಸ್ಕ್ರೂಗಳನ್ನು ಬಿಗಿ ಮಾಡಿದ್ದೇವೆ. ಪೆಲೆಟ್ ತುಂಬುವ ಲಿವರ್ ಮುಚ್ಚುವಾಗ ಕೆಲವೊಮ್ಮೆ ಬಿಗಿಯೆನಿಸುತ್ತದೆ ಎಂಬುದನ್ನು ಬಿಟ್ಟರೆ ಬೇರೆ ಸುಳಿವಿಲ್ಲ.

ಉತ್ತರ 1 (ಮಂಡ್ಯ, ಲೇತ್ ಕೆಲಸದವರು):
ಸರ್, ಕ್ಲಿಕ್‌ಗಳನ್ನು ಸದ್ಯಕ್ಕೆ ಮುಟ್ಟಬೇಡಿ. ಸೈಟ್ ಗಟ್ಟಿಯಾಗಿ ಕೂತಿದ್ದರೆ ಅದರ ಹೊಂದಾಣಿಕೆ ಗ್ರೂಪನ್ನು ಇಡಿಯಾಗಿ ಪಕ್ಕಕ್ಕೆ ಸರಿಸುತ್ತದೆಯೇ ಹೊರತು ಚದುರಿಸುವುದಿಲ್ಲ. ಲಿವರ್ ಬಿಗಿಯಾಗುತ್ತದೆ ಎಂದಿದ್ದೀರಲ್ಲ, ನನ್ನ ಸಂಶಯ ಅಲ್ಲಿಯೇ ಇದೆ. ಪೆಲೆಟ್ಟನ್ನು ಒಳಗೆ ತಳ್ಳುವ ಪ್ರೋಬ್ ಬ್ಯಾರಲ್‌ನ ಮಧ್ಯರೇಖೆಗೆ ಸರಿಯಾಗಿ ಇಲ್ಲದಿದ್ದರೆ, ಮೆದು ಸೀಸದ ತೆಳುವಾದ ಸ್ಕರ್ಟ್ (ಪೆಲೆಟ್ಟಿನ ಹಿಂಬದಿಯ ಅಂಚು) ಒಂದು ಬದಿಯಲ್ಲಿ ಉಜ್ಜಿಕೊಂಡು ಪೆಲೆಟ್ ವಾಲಿದಂತೆಯೇ ಬ್ಯಾರಲ್ ಹೊಕ್ಕು, ಹೊರಬಂದ ಮೇಲೂ ತೊನೆಯುತ್ತ ಸಾಗುತ್ತದೆ. ಕಾಡತೂಸಿನ ರೈಫಲ್‌ಗಳಲ್ಲಿ ಗುಂಡು ಅದನ್ನು ಹಿಡಿದಿರುವ ಕೇಸಿನ (ಲೋಹದ ಕೊಳವೆಯ) ನೇರಕ್ಕೆ ಕೂರದಿದ್ದರೆ ಡಯಲ್ ಗೇಜ್ ಇಟ್ಟು ಅಳೆಯುವುದೂ ಇದೇ ದೋಷವನ್ನು.

ಪರೀಕ್ಷೆ ಸುಲಭ. ಸಿಲಿಂಡರ್ ಕಳಚಿ, ರೈಫಲ್‌ನೊಳಗೆ ಒತ್ತಡ ಉಳಿದಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆ, ಒಂದು ಪೆಲೆಟ್ ಇಟ್ಟು ಲಿವರ್ ಮುಚ್ಚಿರಿ. ನಂತರ ಲಿವರ್ ತೆರೆದು, ಬ್ಯಾರಲ್‌ನ ಬಾಯಿಯ ಕಡೆಯಿಂದ ಮೃದುವಾದ ಕ್ಲೀನಿಂಗ್ ರಾಡ್‌ನಿಂದ ಅದನ್ನು ಹಿಂದಕ್ಕೆ ತಳ್ಳಿ ಭೂತಗನ್ನಡಿಯಲ್ಲಿ ನೋಡಿರಿ. ಬ್ಯಾರಲ್ಲಿನ ಒಳಗಿರುವ ಸುರುಳಿ ಗೆರೆಗಳ ಗುರುತು ಪೆಲೆಟ್ಟಿನ ಸುತ್ತಲೂ ಸಮನಾಗಿ ಬಿದ್ದಿರಬೇಕು. ಒಂದು ಬದಿ ಆಳವಾಗಿದ್ದು ಇನ್ನೊಂದು ಬದಿ ನುಣುಪಾಗಿದ್ದರೆ, ಅಥವಾ ಬ್ರೀಚ್‌ನಲ್ಲಿ (ಪೆಲೆಟ್ ಒಳಹೊಗುವ ಬ್ಯಾರಲ್ಲಿನ ಹಿಂತುದಿಯಲ್ಲಿ) ಸೀಸದ ಚೂರು ಕಂಡರೆ, ದೋಷ ಅಲ್ಲಿಯೇ.

ಉತ್ತರ 2 (ಮೈಸೂರು, ಕೋಚ್):
ಮೇಲಿನ ಮಾತು ಸರಿಯೇ, ಆದರೆ ಬಿಚ್ಚುವ ಮೊದಲು ಪೆಲೆಟ್ ಬದಲಿಸಿ ನೋಡುವುದು ಅಗ್ಗದ ದಾರಿ. ಡಬ್ಬಿಯ ಮೇಲೆ ಪೆಲೆಟ್ಟಿನ ತಲೆಯ (ಮುಂಭಾಗದ) ಅಳತೆ 4.49, 4.50 ಅಥವಾ 4.51 ಮಿ.ಮೀ. ಎಂದಿರುತ್ತದೆ, ಯಾವುದು ಒಗ್ಗುತ್ತದೆಂಬುದನ್ನು ಆಯಾ ಬ್ಯಾರಲ್ಲೇ ಹೇಳಬೇಕು. ಸ್ಕರ್ಟ್ ಜಜ್ಜಿದ ಪೆಲೆಟ್‌ಗಳನ್ನು ಆರಿಸಿ ತೆಗೆಯಿರಿ. ಚದುರುವಿಕೆ ಮೇಲೆ-ಕೆಳಗೆ ಮಾತ್ರ ಇದ್ದರೆ ಒ-ರಿಂಗ್ (ಗಾಳಿ ತಡೆಯುವ ರಬ್ಬರ್ ಬಳೆ) ಸೋರಿಕೆಯನ್ನೂ ಗಾಳಿಯ ಒತ್ತಡವನ್ನೂ ಪರೀಕ್ಷಿಸಬೇಕಾಗುತ್ತದೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದ. ಗುರುತು ಬಲಬದಿಯಲ್ಲಿ ಮಾತ್ರ ಆಳವಾಗಿದೆ; ಬೇರೆ ಅಳತೆಯ ಪೆಲೆಟ್‌ನಲ್ಲೂ ಹಾಗೆಯೇ. ಪ್ರೋಬನ್ನು ನಾನೇ ತುಸು ಬಗ್ಗಿಸಿ ಸರಿಪಡಿಸಬಹುದೇ?

ಉತ್ತರ 1:
ದಯವಿಟ್ಟು ಬೇಡ ಸರ್. ಬ್ರೀಚ್‌ನ ಅಂಚಿಗೆ ಅರ ಹಾಕುವುದೂ ಬೇಡ, ಒಮ್ಮೆ ಸವೆಸಿದ ಲೋಹ ಮರಳಿ ಬರುವುದಿಲ್ಲ. ಬ್ಯಾರಲ್ ಬಿಗಿಯುವ ಸ್ಕ್ರೂಗಳು ಸಡಿಲವಾಗಿವೆಯೇ ಎಂದು ಮೊದಲು ನೋಡಿರಿ. ಹಳೆಯ ರೈಫಲ್‌ಗಳಲ್ಲಿ ಬ್ಯಾರಲ್ಲೇ ಕೂದಲೆಳೆಯಷ್ಟು ಸರಿದಿರುವುದುಂಟು. ಅವು ಗಟ್ಟಿಯಾಗಿದ್ದರೆ, ಆ ಮಾದರಿಯನ್ನು ಬಲ್ಲ ರಿಪೇರಿಯವರಿಗೆ ಗುರುತು ಬಿದ್ದ ಪೆಲೆಟ್‌ಗಳ ಸಮೇತ ಒಪ್ಪಿಸಿರಿ.