ಕಿಕ್ಕಿರಿದ ಬಂದರಿನಲ್ಲಿ ಐದಾರು ದಿನ ಲಂಗರು: ಒಂದು ಸಾಕಾ, ಎರಡು ಬೇಕಾ?

ಹೊಸಹಾಯಿ:

ಎಲ್ಲರಿಗೂ ನಮಸ್ಕಾರ. ನನ್ನದು 31 ಅಡಿಯ ಹಾಯಿದೋಣಿ, ಕೊಂಡು ಎರಡು ವರ್ಷವಾಯಿತು. ಇಷ್ಟು ದಿನ ಲಂಗರು ಅಂದರೆ ಊಟದ ಹೊತ್ತಿಗೆ ಎರಡು ಗಂಟೆ ನಿಲ್ಲಿಸುವುದು, ಹೆಚ್ಚೆಂದರೆ ಒಂದು ರಾತ್ರಿ. ಈಗ ಮುಂದಿನ ತಿಂಗಳು ಒಂದು ಬಂದರಿನಲ್ಲಿ ಐದಾರು ದಿನ ನಿಲ್ಲಬೇಕಾಗಿದೆ. ದೋಣಿಗಳು ಒತ್ತೊತ್ತಾಗಿ ನಿಲ್ಲುವ ಜಾಗ, ಜೆಟ್ಟಿಯಲ್ಲಿ ಜಾಗ ಸಿಗಲ್ಲ. ನಡುವೆ ಒಂದು ದಿನ ದೋಣಿ ಬಿಟ್ಟು ದಡಕ್ಕೂ ಹೋಗಬೇಕು.

ಭಯ ಯಾಕೆ ಅಂದರೆ, ಹೋದ ಸಲ ಇಂಥದ್ದೇ ಜಾಗದಲ್ಲಿ ರಾತ್ರಿ ಎರಡು ಗಂಟೆಗೆ ಲಂಗರು ಕಿತ್ತುಬಂತು. ನಾನು ಗಾಢ ನಿದ್ದೆಯಲ್ಲಿದ್ದೆ. ಹಿಂದಿನ ದೋಣಿಯವರು ಟಾರ್ಚ್ ಬಿಟ್ಟು ಕೂಗಿದಾಗಲೇ ಎಚ್ಚರ. ಮೇಲೆ ಬಂದು ನೋಡಿದರೆ ಅವರ ಮೂತಿಗೂ ನಮ್ಮ ಹಿಂಬದಿಗೂ ನಡುವೆ ಎರಡು ಮಾರು ಜಾಗ, ಅಷ್ಟೇ. ಎಂಜಿನ್ ಒಂದೇ ಸಲಕ್ಕೆ ಶುರುವಾಗಿದ್ದು ನನ್ನ ಪುಣ್ಯ.

ನನ್ನ ಹತ್ತಿರ ಇರುವುದು 15 ಕೆಜಿಯ ನೇಗಿಲು ಮಾದರಿಯ ಹಳೆ ಲಂಗರು, 8 ಎಂಎಂ ಚೈನ್ 30 ಮೀಟರ್, ಅದಕ್ಕೆ ಜೋಡಿಸಿದ ನೈಲಾನ್ ಹಗ್ಗ 40 ಮೀಟರ್. ಆ ದಿನ ಆಳ 5 ಮೀಟರ್ ತೋರಿಸುತ್ತಿತ್ತು, ನಾಲ್ಕು ಪಟ್ಟು ಅಂತ 20 ಮೀಟರ್ ಚೈನ್ ಬಿಟ್ಟಿದ್ದೆ. ತಳ ಕೆಸರು. ಸಂಜೆ ಗಾಳಿ 10 ನಾಟ್ ಇತ್ತು, ರಾತ್ರಿ 25ಕ್ಕೆ ಏರಿತ್ತು.

ಈ ಸಲ ಎರಡು ಲಂಗರು ಹಾಕಿಬಿಡಲಾ? ಅಥವಾ ಇನ್ನೂ ಭಾರದ್ದು ಕೊಳ್ಳಬೇಕಾ? ಚೈನ್ ಜಾಸ್ತಿ ಬಿಟ್ಟರೆ ತಿರುಗುವಾಗ ಪಕ್ಕದವರಿಗೆ ಬಡಿಯಲ್ವಾ?

ಉಪ್ಪುಗಾಳಿ:

ಆ 5 ಮೀಟರ್ ಆಳ ಯಾವ ಹೊತ್ತಿನದು? ಉಬ್ಬರದ್ದಾ, ಇಳಿತದ್ದಾ? ನಿಮ್ಮ ಮೀಟರ್ ನೀರಿನ ಮೇಲ್ಮೈಯಿಂದ ಅಳೆಯುತ್ತದಾ, ಕೀಲ್‌ನ (ದೋಣಿಯ ಅಡಿಯಿಂದ ನೀರಿಗೆ ಇಳಿದಿರುವ ಭಾಗದ) ಕೆಳಗಿನ ನೀರನ್ನು ಮಾತ್ರ ತೋರಿಸುತ್ತದಾ? ಇದು ಗೊತ್ತಾಗದೆ ಮುಂದಿನ ಮಾತು ವ್ಯರ್ಥ.

ಹೊಸಹಾಯಿ:

ಮೇಲ್ಮೈಯಿಂದಲೇ ಅಳೆಯುವ ಹಾಗೆ ಸೆಟ್ ಮಾಡಿದ್ದೇನೆ. ಲಂಗರು ಹಾಕಿದಾಗ ಸಂಜೆ ಏಳೂವರೆ, ಪೂರ್ತಿ ಇಳಿತ. ಅಲ್ಲಿ ನೀರು ಸುಮಾರು 2 ಮೀಟರ್ ಏರುತ್ತದೆ.

ಉಪ್ಪುಗಾಳಿ:

ಹಾಗಾದರೆ ನಿಮ್ಮ ಲಂಗರಿನದು ತಪ್ಪಿಲ್ಲ, ಲೆಕ್ಕದ್ದು ತಪ್ಪು. ಇಳಿತದ 5 ಮೀಟರ್, ಅದರ ಮೇಲೆ ಉಬ್ಬರದ 2, ಆಮೇಲೆ ನೀರಿನಿಂದ ನಿಮ್ಮ ದೋಣಿಯ ಮೂತಿಗೆ ಸುಮಾರು 1 ಮೀಟರ್. ಒಟ್ಟು 8. ನೀವು ಬಿಟ್ಟಿದ್ದು 20. ಅಂದರೆ ನಾಲ್ಕು ಪಟ್ಟಲ್ಲ, ಎರಡೂವರೆ ಪಟ್ಟು. ಏಳೂವರೆಗೆ ಇಳಿತ ಅಂದರೆ ಆರು ಗಂಟೆ ಚಿಲ್ಲರೆಯ ನಂತರ, ಅಂದರೆ ಸರಿಯಾಗಿ ನಿಮ್ಮ ಲಂಗರು ಕಿತ್ತುಬಂದ ಹೊತ್ತಿಗೇ, ಭರ್ತಿ ಉಬ್ಬರ. ಗಾಳಿ ಬೇರೆ. 10 ನಾಟ್ 25 ಆದರೆ ಎಳೆತ ಎರಡೂವರೆ ಪಟ್ಟಲ್ಲ, ಆರು ಪಟ್ಟಿಗಿಂತ ಜಾಸ್ತಿ, ಯಾಕೆಂದರೆ ಗಾಳಿಯ ಒತ್ತಡ ವೇಗದ ವರ್ಗಕ್ಕೆ ಸರಿಯಾಗಿ ಏರುತ್ತದೆ. ಅಷ್ಟು ಎಳೆತಕ್ಕೆ ಚೈನ್ ನೆಟ್ಟಗೆ ಬಿಗಿಯಾಗುತ್ತದೆ, ತಳದಲ್ಲಿ ಮಲಗುವ ಭಾಗವೇ ಇರುವುದಿಲ್ಲ. ಲಂಗರಿನ ಹಿಡಿ ಮೇಲಕ್ಕೆದ್ದರೆ ಎಂಥ ಲಂಗರೂ ಕಿತ್ತುಬರುತ್ತದೆ.

ಬರೀ ಚೈನ್ ಇದ್ದರೆ ಐದು ಪಟ್ಟು, ಹಗ್ಗವೇ ಜಾಸ್ತಿ ಇದ್ದರೆ ಏಳು ಪಟ್ಟು, ಬಿರುಗಾಳಿಯ ಸೂಚನೆ ಇದ್ದರೆ ಇನ್ನೂ ಜಾಸ್ತಿ. ನಿಮಗೆ 8 ಮೀಟರಿಗೆ 40. ಚೈನ್ ಪೂರ್ತಿ ಬಿಟ್ಟು ಮೇಲೆ ಹತ್ತು ಮೀಟರ್ ಹಗ್ಗ. ಚೈನ್ ಮೇಲೆ ಹತ್ತು ಹತ್ತು ಮೀಟರಿಗೆ ಬಣ್ಣ ಬಳಿದುಕೊಳ್ಳಿ. ಕತ್ತಲಲ್ಲಿ ಅಂದಾಜು ಮೇಲೆ ಬಿಡುವವರನ್ನು ಬೇಕಾದಷ್ಟು ನೋಡಿದ್ದೇನೆ, ಅವರ 40 ಯಾವತ್ತೂ 25 ಆಗಿರುತ್ತದೆ.

ಇನ್ನು ಬಡಿಯುವ ಮಾತು. 40 ಮೀಟರ್ ಬಿಟ್ಟು ಜೋರು ಗಾಳಿಯಲ್ಲಿ ನಿಂತರೆ ಲಂಗರಿನಿಂದ ನಿಮ್ಮ ದೋಣಿಯ ಹಿಂಬದಿಗೆ 48-49 ಮೀಟರ್. ಸುತ್ತು ಹೊಡೆದರೆ ನೂರು ಮೀಟರ್ ಅಗಲದ ವೃತ್ತ. ಕಿಕ್ಕಿರಿದ ಬಂದರಿನಲ್ಲಿ ಅಷ್ಟು ಜಾಗ ಯಾರಿಗೂ ಸಿಗಲ್ಲ. ಆದರೂ ಎಲ್ಲರೂ ನಿಂತಿರುತ್ತಾರಲ್ವಾ? ಗಾಳಿ ತಿರುಗಿದಾಗ ಎಲ್ಲ ದೋಣಿಗಳೂ ಒಟ್ಟಿಗೇ ತಿರುಗುತ್ತವೆ, ಅದಕ್ಕೆ. ವೃತ್ತಗಳು ಒಂದರ ಮೇಲೊಂದು ಬಿದ್ದರೂ ದೋಣಿಗಳು ತಾಗುವುದಿಲ್ಲ. ಪೆಟ್ಟಾಗುವುದು ಜೊತೆಗೆ ತಿರುಗದವರಿಂದ. ಅದಕ್ಕೇ ಜಾಗ ಹುಡುಕುವಾಗ ಆಳಕ್ಕಿಂತ ಮೊದಲು ನೆರೆಯವರನ್ನು ನೋಡಿ. ಮೂರಿಂಗ್ ಬೋಯ್‌ಗೆ (ತಳಕ್ಕೆ ಕಾಯಂ ಆಗಿ ಬಿಗಿದ ತೇಲುಗುಂಡಿಗೆ) ಕಟ್ಟಿದ ದೋಣಿ ನಿಂತಲ್ಲೇ ತಿರುಗುತ್ತದೆ. ಹಗ್ಗದ ಮೇಲೆ ನಿಂತ ಹಗುರ ದೋಣಿ ಅಡ್ಡಾದಿಡ್ಡಿ ಓಡಾಡುತ್ತದೆ. ಕೀಲ್ ಆಳ ಇರುವುದು ನೀರಿನ ಸೆಳೆತಕ್ಕೆ ಮುಖ ಮಾಡಿದರೆ, ಎತ್ತರದ ಮೋಟಾರು ದೋಣಿ ಗಾಳಿಗೆ ಮುಖ ಮಾಡುತ್ತದೆ. ನಿಮ್ಮಂಥದ್ದೇ ದೋಣಿ, ನಿಮ್ಮಷ್ಟೇ ಚೈನ್ ಇರುವವರ ಹತ್ತಿರ ನಿಲ್ಲಿ. ಎಷ್ಟು ಬಿಟ್ಟಿದ್ದೀರಿ ಅಂತ ಕೂಗಿ ಕೇಳಿ, ನಾಚಿಕೆ ಏನಿಲ್ಲ. ಮೊದಲು ಬಂದವರಿಗೆ ಮೊದಲ ಹಕ್ಕು, ಆಮೇಲೆ ಬಂದವರು ದೂರ ಸರಿಯಬೇಕು. ಈ ಸಲ ಸರಿಯಬೇಕಾದವರು ನೀವು.

ಎರಡುಕೊಕ್ಕೆ:

ಉಪ್ಪುಗಾಳಿಯವರ ಲೆಕ್ಕ ಸರಿ. ಆದರೆ ಐದು ಪಟ್ಟು ಬಿಡಲು ಜಾಗವೇ ಇಲ್ಲದ ಕಡೆ ಏನು ಮಾಡುವುದು? ಸೆಳೆತ ಆರು ಗಂಟೆ ಆ ಕಡೆ, ಆರು ಗಂಟೆ ಈ ಕಡೆ ಹರಿಯುವ ಇಕ್ಕಟ್ಟಿನ ಕಾಲುವೆಯಂಥ ಬಂದರಿನಲ್ಲಿ ನಾನು ಎರಡು ಲಂಗರು ಹಾಕಿಯೇ ನಿಲ್ಲುತ್ತೇನೆ. ಒಂದು ಸೆಳೆತದ ಎದುರಿಗೆ, ಇನ್ನೊಂದು ಹಿಂದಕ್ಕೆ, ಎರಡರ ಹಗ್ಗವನ್ನೂ ಮೂತಿಗೇ ಕಟ್ಟುವುದು. ಬಹಾಮಿಯನ್ ಮೂರ್ ಅನ್ನುತ್ತಾರೆ. ದೋಣಿ ಹೆಚ್ಚುಕಮ್ಮಿ ತನ್ನ ಉದ್ದದಷ್ಟೇ ಜಾಗದಲ್ಲಿ ತಿರುಗುತ್ತದೆ. ಎರಡನೆಯದನ್ನು ಹಿಂಬದಿಗೆ ಮಾತ್ರ ಕಟ್ಟಬೇಡಿ. ಅಡ್ಡಗಾಳಿ ಬಂದರೆ ದೋಣಿಯ ಇಡೀ ಪಕ್ಕೆ ಗಾಳಿಗೆ ಸಿಕ್ಕು ಎರಡೂ ಲಂಗರಿನ ಮೇಲೆ ಭಾರ ಬೀಳುತ್ತದೆ.

ಉಪ್ಪುಗಾಳಿ:

ಒಪ್ಪಿದೆ, ಆದರೆ ಸುತ್ತ ಎಲ್ಲರೂ ಹಾಗೇ ನಿಂತಿದ್ದರೆ ಮಾತ್ರ. ಉಳಿದವರು ಒಂದೇ ಲಂಗರಿನಲ್ಲಿ ದೊಡ್ಡ ಸುತ್ತು ತಿರುಗುವಾಗ ನೀವೊಬ್ಬರೇ ಗೂಟ ಹೊಡೆದಂತೆ ನಿಂತರೆ ಅವರು ಬಂದು ನಿಮಗೇ ಗುದ್ದುತ್ತಾರೆ. ಇನ್ನೊಂದು, ಐದು ದಿನದಲ್ಲಿ ಹದಿನೆಂಟು ಹತ್ತೊಂಬತ್ತು ಸಲ ಸೆಳೆತ ತಿರುಗುತ್ತದೆ. ಎರಡು ಹಗ್ಗ ಜಡೆ ಹೆಣೆದಂತೆ ಸುತ್ತಿಕೊಂಡಿರುತ್ತದೆ. ದಿನಾ ಬಿಡಿಸುತ್ತಾ ಕೂರಬೇಕು. ಅರ್ಧ ರಾತ್ರಿ ತುರ್ತಾಗಿ ಎತ್ತಬೇಕಾಗಿ ಬಂದರೆ ಆ ಜಡೆ ಹಿಡಿದುಕೊಂಡು ಏನು ಮಾಡುತ್ತೀರಿ?

ಎರಡುಕೊಕ್ಕೆ:

ಬಿಡಿಸುವ ಕೆಲಸ ಇರುವುದು ನಿಜ. ಬೆಳಗ್ಗೆ ಸೆಳೆತ ನಿಂತ ಹೊತ್ತಿನಲ್ಲಿ ಮಾಡುತ್ತೇನೆ, ಹತ್ತು ನಿಮಿಷ. ಆದರೆ ದೋಣಿ ಬಿಟ್ಟು ದಡಕ್ಕೆ ಹೋಗುವವರಿಗೆ ಇದು ಆಗಲ್ಲ, ಅದನ್ನು ಒಪ್ಪುತ್ತೇನೆ. ಹೊಸಹಾಯಿಯವರಿಗೆ ಒಂದೇ ಇರಲಿ.

ಕೆಸರುಪಾದ:

ಎರಡು ಸಲ ಲಂಗರು ಕಿತ್ತುಕೊಂಡು ಮೂರನೇ ಸಲ ಕಲಿತವನು ನಾನು. ಇಲ್ಲಿ ಯಾರೂ ಹೇಳದ ವಿಷಯ, ಲಂಗರನ್ನು ತಳಕ್ಕೆ ಇಳಿಸುವುದು ಬೇರೆ, ಕೂರಿಸುವುದು ಬೇರೆ. ಸುಮ್ನೆ ಗುಡುಗುಡು ಅಂತ ಚೈನ್ ಸುರಿದರೆ ಅದೆಲ್ಲ ಲಂಗರಿನ ಮೇಲೇ ರಾಶಿ ಬೀಳುತ್ತದೆ. ಗಾಳಿಗೆ ಎದುರಾಗಿ ಬಂದು, ದೋಣಿ ಪೂರ್ತಿ ನಿಂತ ಮೇಲೆ ಇಳಿಸಿ. ದೋಣಿ ತಾನಾಗಿ ಹಿಂದಕ್ಕೆ ಜಾರುತ್ತಿದ್ದ ಹಾಗೆ ಚೈನ್ ಬಿಡುತ್ತಾ ಹೋಗಿ. ಪೂರ್ತಿ ಬಿಟ್ಟ ಮೇಲೆ ಮೆಲ್ಲಗೆ ರಿವರ್ಸ್ ಹಾಕಿ, ಸ್ವಲ್ಪ ಸ್ವಲ್ಪವೇ ಏರಿಸಿ. ಒಮ್ಮೆಲೇ ಎಳೆದರೆ ಕೆಸರಿನಲ್ಲಿ ಹೂಳುವ ಮೊದಲೇ ಜಾರುತ್ತದೆ.

ಈಗ ಮುಂದೆ ಹೋಗಿ ಚೈನ್ ಮೇಲೆ ಅಂಗೈ ಇಡಿ. ಲಂಗರು ಜಾರುತ್ತಿದ್ದರೆ ಚೈನ್ ಕಟಕಟ ನಡುಗುತ್ತದೆ, ಬಿಗಿಯಾಗಿ ಸಡಿಲವಾಗಿ ಮತ್ತೆ ಬಿಗಿಯಾಗುತ್ತದೆ. ಮೆತ್ತನೆಯ ಕೆಸರಿನಲ್ಲಿ ಈ ನಡುಕ ಕಡಿಮೆ, ಅದಕ್ಕೇ ಕೈಯೊಂದನ್ನೇ ನಂಬಬೇಡಿ. ಕೂತಿದ್ದರೆ ಚೈನ್ ಒಮ್ಮೆ ಉದ್ದಕ್ಕೆ ಚಾಚಿ ಸುಮ್ಮನಾಗುತ್ತದೆ. ಅದೇ ಹೊತ್ತಿಗೆ ಪಕ್ಕಕ್ಕೆ ತಿರುಗಿ ದಡದ ಮೇಲಿನ ಎರಡು ಗುರುತು ಹಿಡಿಯಿರಿ, ಒಂದು ಕಂಬ, ಅದರ ಹಿಂದೆ ಒಂದು ಕಿಟಕಿ, ಏನಾದರೂ ಸರಿ. ರಿವರ್ಸ್ ಜೋರಾಗಿದ್ದರೂ ಕಂಬ ಕಿಟಕಿಯ ಎದುರಿನಿಂದ ಸರಿಯದಿದ್ದರೆ ಕೂತಿದೆ ಅಂತ ಅರ್ಥ. ಅರ್ಧ ನಿಮಿಷ ಹಾಗೇ ಎಳೆಯಿರಿ. ಸರಿದರೆ ಎತ್ತಿ ಮತ್ತೆ ಹಾಕಿ. ಎಲ್ಲರೂ ನೋಡುತ್ತಿರುತ್ತಾರೆ, ನೋಡಲಿ.

ನಿಮ್ಮ ನೇಗಿಲು ಲಂಗರು ಸಿಕ್ಯೂಆರ್ ಮಾದರಿ ಇರಬೇಕು. 1933ರಲ್ಲಿ ಜೆಫ್ರಿ ಟೇಲರ್ ಅನ್ನುವ ಭೌತವಿಜ್ಞಾನಿ ಮಾಡಿದ್ದು, ಹಾಯಿದೋಣಿಯ ಹುಚ್ಚು ಇದ್ದ ಮನುಷ್ಯ. ಒಳ್ಳೆಯ ಲಂಗರೇ, ಆದರೆ ಮೊದಲು ಮಗ್ಗುಲಾಗಿ ಮಲಗಿ, ಸ್ವಲ್ಪ ದೂರ ಉತ್ತು, ಆಮೇಲೆ ಹೂಳುತ್ತದೆ. ಅದಕ್ಕೆ ತಾಳ್ಮೆ ಬೇಕು. ರೋಕ್ನಾದಂಥ, ಬೆನ್ನ ಮೇಲೆ ಬಳೆ ಇರುವ ಹೊಸ ಲಂಗರುಗಳು ಬೇಗ ಕೂರುತ್ತವೆ, ಗಾಳಿ ತಿರುಗಿ ಕಿತ್ತರೂ ಬೇಗ ಮತ್ತೆ ಹೂಳುತ್ತವೆ. ದುಡ್ಡಿದ್ದರೆ ಎರಡನೇ ಲಂಗರಿನ ಬದಲು ಇದಕ್ಕೆ ಹಾಕಿ.

ಹೊಸಹಾಯಿ:

ಏಳೂವರೆಯ ಲೆಕ್ಕ ಓದಿ ತಲೆ ಚಚ್ಚಿಕೊಂಡೆ. ಎರಡು ವರ್ಷ ಮೂತಿಯ ಎತ್ತರ ಸೇರಿಸಿರಲೇ ಇಲ್ಲ! ಸರಿ, ಒಂದೇ ಲಂಗರು. ಒಂದು ರಾತ್ರಿ ನಿಲ್ಲುವುದಕ್ಕೂ ಐದು ದಿನ ನಿಲ್ಲುವುದಕ್ಕೂ ಬೇರೆ ಏನು ವ್ಯತ್ಯಾಸ? ಮೊಬೈಲಿನಲ್ಲಿ ಲಂಗರು ಅಲಾರಂ, ಅಂದರೆ ದೋಣಿ ಗೊತ್ತುಮಾಡಿದ ವೃತ್ತ ದಾಟಿದರೆ ಕೂಗುವಂಥದ್ದು, ಇಟ್ಟುಕೊಂಡರೆ ಸಾಕಾ?

ಅಷ್ಟಮಿ_ನೀರು:

ಮುಖ್ಯ ವ್ಯತ್ಯಾಸ ನನ್ನ ಹೆಸರಲ್ಲೇ ಇದೆ. ಅಷ್ಟಮಿಯ ಆಸುಪಾಸಿನಲ್ಲಿ ನೀರಿನ ಏರಿಳಿತ ಕಡಿಮೆ. ಅಲ್ಲಿಂದ ಸುಮಾರು ಒಂದು ವಾರಕ್ಕೆ, ಅಮಾವಾಸ್ಯೆ ಹುಣ್ಣಿಮೆ ಕಳೆದು ಒಂದೆರಡು ದಿನದಲ್ಲಿ, ಅತಿ ಜಾಸ್ತಿ. ಹಾಗಾಗಿ ನೀವು ಬಂದ ದಿನದ 2 ಮೀಟರ್ ಐದನೇ ದಿನಕ್ಕೆ 3 ಆಗಿರಬಹುದು. ಉಬ್ಬರದಲ್ಲಿ ನೀರು ಇನ್ನೂ ಮೇಲೆ, ಚೈನ್ ಕಡಿಮೆಯಾಯಿತು. ಇಳಿತದಲ್ಲಿ ಇನ್ನೂ ಕೆಳಗೆ, ಕೀಲ್ ಕೆಸರಿಗೆ ಕೂತಿತು. ಸೆಳೆತವೂ ಜೋರು. ನಿಲ್ಲುವ ಅಷ್ಟೂ ದಿನಗಳ ಪಟ್ಟಿ ನೋಡಿ, ಅದರಲ್ಲಿ ಅತಿ ಎತ್ತರದ ನೀರಿಗೆ ಚೈನ್, ಅತಿ ತಗ್ಗಿನ ನೀರಿಗೆ ಜಾಗ ಲೆಕ್ಕ ಹಾಕಿ. ಮೊದಲ ದಿನದ ಲೆಕ್ಕ ಐದನೇ ದಿನಕ್ಕೆ ಬರಲ್ಲ.

ಎರಡನೆಯದು ಸವೆತ. ಒಂದು ರಾತ್ರಿಯಲ್ಲಿ ಹಗ್ಗಕ್ಕೆ ಏನೂ ಆಗಲ್ಲ, ಮೂರನೇ ರಾತ್ರಿ ಆಗುತ್ತದೆ. ಚೈನ್ ಮೇಲೇ ನಿಲ್ಲುವುದಾದರೆ ಭಾರವನ್ನು ಚೈನ್ ಎತ್ತುವ ಯಂತ್ರದ ಮೇಲೆ ಬಿಡಬೇಡಿ. ಎಂಟು ಹತ್ತು ಮೀಟರ್ ನೈಲಾನ್ ಹಗ್ಗವನ್ನು ಕೊಕ್ಕೆಯಿಂದ ಚೈನ್‌ಗೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ದೋಣಿಯ ಗಟ್ಟಿ ಕ್ಲೀಟ್‌ಗೆ (ಹಗ್ಗ ಕಟ್ಟುವ ಗೂಟಕ್ಕೆ) ಕಟ್ಟಿ. ಸ್ನಬ್ಬರ್ ಅಂದರೆ ಅದೇ. ನೈಲಾನ್ ಹಿಗ್ಗುವುದರಿಂದ ಅಲೆಯ ಜಗ್ಗಾಟವನ್ನೆಲ್ಲ ಅದು ತಿನ್ನುತ್ತದೆ. ನಿಮ್ಮ ಲೆಕ್ಕದಲ್ಲಿ ಮೇಲಿನ ಹತ್ತು ಮೀಟರ್ ಹೇಗೂ ಹಗ್ಗವೇ, ಹಾಗಾಗಿ ಜಗ್ಗಾಟದ ಚಿಂತೆ ಇಲ್ಲ, ಸವೆತದ್ದೇ ಚಿಂತೆ. ಹಗ್ಗ ಮೂತಿಗೆ ಉಜ್ಜುವ ಜಾಗಕ್ಕೆ ಹಳೆ ಹೋಸ್ ಪೈಪಿನ ತುಂಡು ತೂರಿಸಿ. ದಿನಾ ಬೆಳಗ್ಗೆ ಅದನ್ನು ಸರಿಸಿ ನೋಡಿ. ಹಗ್ಗದ ಮೇಲೆ ಬೆಕ್ಕಿನ ಮರಿಯ ಮೈಯಂತೆ ನವಿರು ಎದ್ದಿದ್ದರೆ ಒಂದು ಗೇಣು ಬಿಟ್ಟು ಉಜ್ಜುವ ಜಾಗ ಬದಲಿಸಿ. ಹೊರಡುವ ಮೊದಲು ಲಂಗರಿನ ಶ್ಯಾಕಲ್‌ನ (ಲಂಗರನ್ನು ಚೈನ್‌ಗೆ ಜೋಡಿಸುವ ಕೊಂಡಿಯ) ಪಿನ್ ಬಿಚ್ಚಿಕೊಳ್ಳದಂತೆ ತಂತಿ ಸುತ್ತಿರಿ.

ಅಲಾರಂ ಬೇಕು, ಆದರೆ ಅದನ್ನು ಲಂಗರು ತಳ ಮುಟ್ಟಿದ ಕ್ಷಣದಲ್ಲಿ ಆನ್ ಮಾಡಿ. ಹಿಂದಕ್ಕೆ ಜಾರಿ, ಚಹಾ ಕುಡಿದು, ಆಮೇಲೆ ಆನ್ ಮಾಡಿದರೆ ವೃತ್ತದ ನಡು ನಿಮ್ಮ ದೋಣಿಯಾಗುತ್ತದೆ, ಲಂಗರಲ್ಲ. ಗಾಳಿ ತಿರುಗಿದ ಕೂಡಲೇ ಸುಳ್ಳೇ ಕೂಗುತ್ತದೆ. ಮೂರು ರಾತ್ರಿ ಸುಳ್ಳು ಕೂಗಿದ ಅಲಾರಂ ನಾಲ್ಕನೇ ರಾತ್ರಿ ಆಫ್ ಆಗಿರುತ್ತದೆ, ಅನುಭವದ ಮಾತು. ದಡಕ್ಕೆ ಹೋದರೆ ಮೊಬೈಲ್ ಅಲಾರಂ ನಿಮ್ಮ ಜೇಬಿನಲ್ಲಿರುತ್ತದೆ, ಅದಕ್ಕೆ ದೋಣಿ ಎಲ್ಲಿದೆ ಅಂತ ಹೇಗೆ ಗೊತ್ತಾಗಬೇಕು!

ಕೆಸರುಪಾದ:

ಹಹ್ಹಾ, ಸರಿಯಾಗಿ ಹೇಳಿದಿರಿ.

ದಡಕ್ಕೆ ಹೋಗುವುದು ಮೊದಲ ದಿನ ಬೇಡ. ಎರಡು ಸಲ ಸೆಳೆತ ತಿರುಗುವುದನ್ನು ದೋಣಿಯಲ್ಲೇ ಕೂತು ನೋಡಿ, ಅಕ್ಕಪಕ್ಕದವರು ಎಷ್ಟು ಹತ್ತಿರ ಬರುತ್ತಾರೆ ಅಂತ ಗೊತ್ತಾಗುತ್ತದೆ. ಹೋಗುವಾಗ ಪಕ್ಕದ ದೋಣಿಯವರಿಗೆ ನಂಬರ್ ಕೊಡಿ, ಎಂಜಿನ್ ಕೀ ಎಲ್ಲಿದೆ ಅಂತಲೂ ಹೇಳಿ. ಎರಡೂ ಪಕ್ಕೆಗೆ ಫೆಂಡರ್ (ಪೆಟ್ಟು ತಡೆಯುವ, ಗಾಳಿ ತುಂಬಿದ ದಿಂಬು) ಇಳಿಬಿಡಿ. ನಿಮ್ಮ ಲಂಗರು ಕೂತಿದ್ದರೂ ಇನ್ನೊಬ್ಬರದು ಕಿತ್ತು ನಿಮ್ಮ ಮೇಲೆ ಬರಬಹುದಲ್ಲ.

ಹಾಗೆ ಬಂದಾಗ ಎತ್ತಲು ಸಮಯ ಇರಲ್ಲ. ಅದಕ್ಕೇ ಲಂಗರು ಹಗ್ಗದ ಒಳತುದಿಯನ್ನು ದೋಣಿಗೆ ಶ್ಯಾಕಲ್ ಹಾಕಿ ಬಿಗಿಯಬೇಡಿ, ಡೆಕ್ ಮೇಲಿಂದ ಚಾಕುವಿಗೆ ಸಿಗುವ ಹಾಗೆ ಗಂಟು ಹಾಕಿಡಿ. ಕತ್ತರಿಸುವ ಮೊದಲು ಒಂದು ಫೆಂಡರ್ ಕಟ್ಟಿ ಬಿಟ್ಟರೆ ಆಮೇಲೆ ಬಂದು ಎತ್ತಿಕೊಳ್ಳಬಹುದು.

ಲಂಗರು ಹಾಕಿ ನಿಂತಿದ್ದೇವೆ ಅನ್ನುವ ಗುರುತಿಗೆ ರಾತ್ರಿ ಬಿಳಿ ದೀಪ, ಹಗಲು ಕಪ್ಪು ಚೆಂಡು ಮರೆಯಬೇಡಿ. 1972ರ ಅಂತರರಾಷ್ಟ್ರೀಯ ನಿಯಮದಲ್ಲಿ 50 ಮೀಟರಿಗಿಂತ ಚಿಕ್ಕ ಹಡಗಿಗೆ ಸುತ್ತಲೂ ಕಾಣುವ ಒಂದು ಬಿಳಿ ದೀಪ ಸಾಕು. ಆದರೆ ಕಂಬದ ತುದಿಯ ದೀಪ ಚಿಕ್ಕ ದೋಣಿಯಲ್ಲಿ ಬರುವವನ ಕಣ್ಣಿಗೆ ನಕ್ಷತ್ರದಂತೆ ಮೇಲೆಲ್ಲೋ ಇರುತ್ತದೆ. ನಾನು ಕೆಳಗೂ ಒಂದು ಚಿಕ್ಕದು ನೇತುಹಾಕುತ್ತೇನೆ.

ಹೊಸಹಾಯಿ:

ಪಟ್ಟಿ ನೋಡಿದೆ. ನಾನು ತಲುಪುವ ದಿನ ಷಷ್ಠಿ, ಹೊರಡುವುದು ದ್ವಾದಶಿ. ನಡುವೆ ಅಷ್ಟಮಿ, ಅಂದರೆ ಮೊದಲು ಏರಿಳಿತ ಕಡಿಮೆಯಾಗಿ ಆಮೇಲೆ ಜಾಸ್ತಿ. ಕೊನೆಯ ದಿನದ ಉಬ್ಬರಕ್ಕೆ ಮೂತಿ ಸೇರಿಸಿ 8.5 ಮೀಟರ್ ಬರುತ್ತದೆ, 43 ಬಿಡುತ್ತೇನೆ. ಚೈನ್‌ಗೆ ಬಣ್ಣ ಹಚ್ಚಿ ಒಣಗಲು ಬಿಟ್ಟಿದ್ದೇನೆ, ಅಂಗಳವೆಲ್ಲ ಕೆಂಪು ಚುಕ್ಕೆ, ಮನೆಯಲ್ಲಿ ಬೈಗುಳ ನಡೆಯುತ್ತಿದೆ. ಲಂಗರಿಗೆ ಗುರುತಿನ ಬೋಯ್ ಕಟ್ಟಲಾ?

ಉಪ್ಪುಗಾಳಿ:

ಕಿಕ್ಕಿರಿದ ಕಡೆ ಬೇಡ. ಯಾರೋ ಮೂರಿಂಗ್ ಅಂದುಕೊಂಡು ಅದಕ್ಕೇ ದೋಣಿ ಕಟ್ಟಿಬಿಡುತ್ತಾರೆ. ನನಗೆ ಆಗಿದೆ.