ದೊಡ್ಡ ಗಣಿ ಕಂಪನಿಯ ಟೆಸ್ಟ್, ಇಂಟರ್ವ್ಯೂ: ಗಣಿ ಅನುಭವ ಇಲ್ಲದವರು ಹೇಗೆ ತಯಾರಾಗಬೇಕು?

ಪಂಪ್‌ಹೌಸ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಮೆಕ್ಯಾನಿಕಲ್ ಎಂಜಿನಿಯರ್. ಈಗ ಒಂದು ಕಾರ್ಖಾನೆಯಲ್ಲಿ ಪಂಪ್, ಕನ್ವೇಯರ್, ಗೇರ್‌ಬಾಕ್ಸ್‌ಗಳ ಮೇಂಟೆನೆನ್ಸ್ ನೋಡಿಕೊಳ್ಳುತ್ತಿದ್ದೇನೆ. ಹಲವು ದೇಶಗಳಲ್ಲಿ ಗಣಿ ಇರುವ ದೊಡ್ಡ ಕಂಪನಿಯೊಂದಕ್ಕೆ ಅರ್ಜಿ ಹಾಕಿದ್ದೆ, ಆನ್‌ಲೈನ್ ಟೆಸ್ಟ್‌ಗೆ ಮೇಲ್ ಬಂದಿದೆ. ಲೆಕ್ಕದ್ದು ಒಂದು, ಓದಿ ಉತ್ತರಿಸುವುದು ಒಂದು, ಆಮೇಲೆ "ಇಂಥ ಸಂದರ್ಭದಲ್ಲಿ ನೀವು ಏನು ಮಾಡುತ್ತೀರಿ" ಅನ್ನುವ ಥರದ್ದು ಇನ್ನೊಂದು. ಇದು ದಾಟಿದರೆ ವಿಡಿಯೊ ಇಂಟರ್ವ್ಯೂ, ಕೊನೆಗೆ ಪ್ಯಾನೆಲ್ ಮುಂದೆ ಕೂರಬೇಕು.

ಗಣಿಯೊಳಗೆ ನಾನು ಕೆಲಸ ಮಾಡಿಲ್ಲ. ಅದೇ ಚಿಂತೆ. ಗಣಿಗಾರಿಕೆಯ ಪಠ್ಯಪುಸ್ತಕ ಹಿಡಿದು ಕೂರಬೇಕಾ, ಟೆಸ್ಟ್ ಪ್ರಾಕ್ಟೀಸ್ ಮಾಡಬೇಕಾ, ಯಾವುದಕ್ಕೆ ಜಾಸ್ತಿ ಸಮಯ ಕೊಡಬೇಕು ಗೊತ್ತಾಗುತ್ತಿಲ್ಲ. ಸೇಫ್ಟಿ ಬಗ್ಗೆ ತುಂಬಾ ಕೇಳುತ್ತಾರೆ ಅಂತ ಎಲ್ಲರೂ ಹೇಳುತ್ತಾರೆ, ಆದರೆ ಏನು ಕೇಳುತ್ತಾರೆ ಅಂತ ಯಾರೂ ಬಿಡಿಸಿ ಹೇಳುವುದಿಲ್ಲ. ಈ ದಾರಿ ನೋಡಿದವರು ದಯವಿಟ್ಟು ಹೇಳಿ.

ಅದಿರುಲೆಕ್ಕ

ಮೊದಲು ಟೆಸ್ಟ್ ವಿಷಯ ಹೇಳುತ್ತೇನೆ. ಇವು ಗಣಿ ಕಂಪನಿಯವರು ತಾವೇ ಬರೆದ ಪ್ರಶ್ನೆಗಳಲ್ಲ. ಹೆಚ್ಚಿನ ಕಂಪನಿಗಳು ಎಸ್‌ಎಚ್‌ಎಲ್ ಥರದ ಟೆಸ್ಟ್ ಸಂಸ್ಥೆಗಳಿಂದ ತೆಗೆದುಕೊಳ್ಳುತ್ತವೆ. ನಿಮ್ಮ ಮೇಲ್‌ನಲ್ಲಿ ಯಾವ ಸಂಸ್ಥೆ ಅಂತ ಇರುತ್ತದೆ ನೋಡಿ. ಅವರದೇ ಸೈಟ್‌ನಲ್ಲಿ ಉಚಿತ ಮಾದರಿ ಪ್ರಶ್ನೆಗಳು ಸಿಗುತ್ತವೆ, ಅದರಿಂದ ಶುರು ಮಾಡಿ.

ಲೆಕ್ಕ ಕಷ್ಟದ್ದಲ್ಲ, ಸಮಯ ಕಷ್ಟದ್ದು. ಒಂದು ಟೇಬಲ್ ಅಥವಾ ಗ್ರಾಫ್ ಕೊಟ್ಟು, ಶೇಕಡಾವಾರು, ಅನುಪಾತ, ಯೂನಿಟ್ ಬದಲಾವಣೆ ಕೇಳುತ್ತಾರೆ. ಉದಾಹರಣೆಗೆ ಒಂದು ಗಣಿಯ ಉತ್ಪಾದನೆ 40 ಲಕ್ಷ ಟನ್‌ನಿಂದ 34 ಲಕ್ಷಕ್ಕೆ ಇಳಿಯಿತು, ಶೇಕಡಾ ಎಷ್ಟು ಇಳಿಕೆ? 15. ಮುಂದಿನ ವರ್ಷ ಶೇಕಡಾ 15 ಏರಿದರೆ ಮತ್ತೆ 40 ಲಕ್ಷ ಆಗುತ್ತದಾ? ಆಗುವುದಿಲ್ಲ, 39.1 ಲಕ್ಷ ಆಗುತ್ತದೆ, ಯಾಕೆಂದರೆ ಈ ಸಲ ಶೇಕಡಾ ಲೆಕ್ಕ 34ರ ಮೇಲೆ. ಅವಸರದಲ್ಲಿ ಜನ ತಪ್ಪುವುದು ಇಂಥ ಕಡೆಯೇ. ಕ್ಯಾಲ್ಕುಲೇಟರ್ ಬಳಸಬಹುದಾ ಅಂತ ಸೂಚನೆಯಲ್ಲಿ ಮೊದಲೇ ಓದಿಕೊಳ್ಳಿ. ಬಳಸಬಹುದು ಅಂದರೆ ಪ್ರಾಕ್ಟೀಸ್‌ಗೂ ಅದೇ ಕ್ಯಾಲ್ಕುಲೇಟರ್ ಇರಲಿ.

ಓದುವ ಭಾಗದಲ್ಲಿ ಒಂದು ಪ್ಯಾರಾ ಕೊಟ್ಟು, ಕೆಳಗಿನ ಹೇಳಿಕೆ ಸರಿಯಾ, ತಪ್ಪಾ, ಅಥವಾ ಪ್ಯಾರಾ ನೋಡಿ ಹೇಳಲು ಆಗುವುದಿಲ್ಲವಾ ಅಂತ ಕೇಳುತ್ತಾರೆ. ಇಲ್ಲಿ ನಿಮಗೆ ಹೊರಗಿಂದ ಗೊತ್ತಿರುವುದನ್ನು ಪಕ್ಕಕ್ಕಿಡಬೇಕು. "ಕಳೆದ ವರ್ಷ ಗಣಿಯಲ್ಲಿ ಹೊಸ ಟ್ರಕ್‌ಗಳು ಬಂದವು, ಡೀಸೆಲ್ ಖರ್ಚು ಇಳಿಯಿತು" ಅಂತ ಪ್ಯಾರಾದಲ್ಲಿದ್ದರೆ, "ಹೊಸ ಟ್ರಕ್‌ಗಳಿಂದಲೇ ಖರ್ಚು ಇಳಿಯಿತು" ಅನ್ನುವುದಕ್ಕೆ ಉತ್ತರ ಹೇಳಲು ಆಗುವುದಿಲ್ಲ ಅಂತ. ಎಂಜಿನಿಯರ್‌ಗಳಿಗೆ ಇದು ಕಷ್ಟ. ನಾವು ಕಾರಣ ಹುಡುಕಿಯೇ ಬಿಡುತ್ತೇವೆ ಅಲ್ವಾ?

ಇನ್ನೊಂದು ಮಾತು. ಮನೆಯಿಂದ ಬರೆಯುವ ಟೆಸ್ಟ್ ತಾನೇ ಅಂತ ಬೇರೆಯವರನ್ನು ಕೂರಿಸಿ ಬರೆಸಬೇಡಿ. ಎಷ್ಟೋ ಕಂಪನಿಗಳು ಮುಂದಿನ ಹಂತದಲ್ಲಿ ತಮ್ಮ ಕಣ್ಣೆದುರೇ ಚಿಕ್ಕದೊಂದು ಟೆಸ್ಟ್ ಮತ್ತೆ ಕೊಟ್ಟು ಅಂಕ ತಾಳೆ ನೋಡುತ್ತವೆ.

ಬೆಂಚ್ ಸೂಪರ್‌ವೈಸರ್

ಮೇಲಿನವರು ಟೆಸ್ಟ್ ಬಗ್ಗೆ ಚೆನ್ನಾಗಿ ಹೇಳಿದ್ದಾರೆ. ನಾನು ಸೇಫ್ಟಿ ಬಗ್ಗೆ ಬರೆಯುತ್ತೇನೆ. ಪ್ಯಾನೆಲ್‌ನಲ್ಲಿ ಕೂತು ಜನರನ್ನು ಆರಿಸಿದ್ದೇನೆ, ಒಳ್ಳೆಯ ಎಂಜಿನಿಯರ್‌ಗಳು ಕೈತಪ್ಪಿ ಹೋಗುವುದು ಇಲ್ಲೇ.

"ಸೇಫ್ಟಿ ನನಗೆ ತುಂಬಾ ಮುಖ್ಯ" ಅಂತ ಎಲ್ಲರೂ ಹೇಳುತ್ತಾರೆ. ಅದರಿಂದ ನಮಗೆ ಏನೂ ತಿಳಿಯುವುದಿಲ್ಲ. ನಾವು ಕೇಳುವುದು ಹೀಗಿರುತ್ತದೆ: ನೀವು ಯಾವಾಗಾದರೂ ಕೆಲಸ ನಿಲ್ಲಿಸಿದ್ದೀರಾ? ಯಾರ ಮಾತಿಗೆ ಎದುರಾಗಿ ನಿಲ್ಲಿಸಿದಿರಿ? ನಿಲ್ಲಿಸಿದ ಮೇಲೆ ಏನಾಯಿತು? ಮೇಂಟೆನೆನ್ಸ್‌ನವರಿಗೆ ಇಂಥ ಅನುಭವ ಇಲ್ಲದೆ ಇರುವುದಿಲ್ಲ. ಕನ್ವೇಯರ್ ಪುಲ್ಲಿಯ ಗಾರ್ಡ್ (ಕೈ ಸಿಕ್ಕಿಕೊಳ್ಳದಂತೆ ಹಾಕುವ ಮುಚ್ಚಳ) ಬಿಚ್ಚಿದೆ, ಶಿಫ್ಟ್ ಮುಗಿಯುವ ಹೊತ್ತು, ಪ್ರೊಡಕ್ಷನ್‌ನವರು ಬೆಲ್ಟ್ ಓಡಿಸಿ ಅನ್ನುತ್ತಿದ್ದಾರೆ. ಆಗ ನೀವು ಏನು ಮಾಡಿದಿರಿ? ಯಾರಿಗೆ ಫೋನ್ ಮಾಡಿದಿರಿ, ಏನಂತ ಹೇಳಿದಿರಿ, ಅವರು ಸಿಟ್ಟು ಮಾಡಿಕೊಂಡರಾ, ಅದೆಲ್ಲ ಹೇಳಿ. ನಮಗೆ ಬೇಕಾಗಿರುವುದು ಆ ವಿವರ.

ಹೇಳುವ ಕ್ರಮ ಸುಲಭ. ಪರಿಸ್ಥಿತಿ ಏನಿತ್ತು, ಅದರಲ್ಲಿ ನಿಮ್ಮ ಜವಾಬ್ದಾರಿ ಏನು, ನೀವು ಏನು ಮಾಡಿದಿರಿ, ಕೊನೆಗೆ ಏನಾಯಿತು. ಪರಿಸ್ಥಿತಿಯನ್ನು ಎರಡು ಮಾತಲ್ಲಿ ಮುಗಿಸಿ, ನೀವು ಮಾಡಿದ್ದಕ್ಕೆ ಜಾಸ್ತಿ ಹೊತ್ತು ಕೊಡಿ. ಬಹಳ ಜನ "ನಾವು ಮಾಡಿದೆವು, ನಮ್ಮ ಟೀಮ್ ಮಾಡಿತು" ಅಂತ ಹೇಳುತ್ತಾ ಹೋಗುತ್ತಾರೆ. ವಿನಯ ಒಳ್ಳೆಯದೇ. ಆದರೆ ಕೆಲಸಕ್ಕೆ ತೆಗೆದುಕೊಳ್ಳುತ್ತಿರುವುದು ಟೀಮನ್ನಲ್ಲ, ನಿಮ್ಮನ್ನು. ಅದಕ್ಕೇ "ನಾನು" ಅಂತಲೇ ಹೇಳಿ.

ಇನ್ನು ಅಪಾಯ ತಡೆಯುವ ದಾರಿಗಳ ಕ್ರಮ ಬಾಯಲ್ಲಿ ಇರಬೇಕು. ಮೊದಲು ಅಪಾಯವನ್ನೇ ಇಲ್ಲದಂತೆ ಮಾಡುವುದು, ಆಗದಿದ್ದರೆ ಕಡಿಮೆ ಅಪಾಯದ್ದನ್ನು ತರುವುದು, ಆಮೇಲೆ ಯಂತ್ರ ಅಥವಾ ತಡೆಗೋಡೆಯಿಂದ ಬೇರೆ ಮಾಡುವುದು, ಆಮೇಲೆ ನಿಯಮ ಮತ್ತು ತರಬೇತಿ, ಎಲ್ಲಕ್ಕಿಂತ ಕೊನೆಗೆ ಹೆಲ್ಮೆಟ್, ಮಾಸ್ಕ್, ಗ್ಲೌಸ್. ಡ್ರಿಲ್ಲಿಂಗ್ ಧೂಳಿಗೆ ಏನು ಮಾಡುತ್ತೀರಿ ಅಂತ ಕೇಳಿದರೆ ತಕ್ಷಣ "ಮಾಸ್ಕ್ ಕೊಡುತ್ತೇನೆ" ಅನ್ನುವವರು ತಿರುವುಮುರುವಾಗಿ ಯೋಚಿಸುತ್ತಿದ್ದಾರೆ ಅಂತ ಗೊತ್ತಾಗಿಬಿಡುತ್ತದೆ. ಡ್ರಿಲ್ ಮಾಡುವಾಗಲೇ ನೀರು ಹಾಯಿಸುವುದು, ಧೂಳು ಎಳೆದುಕೊಳ್ಳುವ ವ್ಯವಸ್ಥೆ, ಆಪರೇಟರ್‌ಗೆ ಮುಚ್ಚಿದ ಕ್ಯಾಬಿನ್, ಇವೆಲ್ಲ ಮುಂಚೆ ಬರಬೇಕು.

ಲಾಕ್‌ಔಟ್, ಅಂದರೆ ರಿಪೇರಿಗೆ ಮುಂಚೆ ಯಂತ್ರ ಓಡದಂತೆ ಬೀಗ ಹಾಕುವುದರ ಬಗ್ಗೆ ನಿಮಗೆ ಗೊತ್ತೇ ಇರುತ್ತದೆ. ಪವರ್ ಆಫ್ ಮಾಡಿ, ನಿಮ್ಮದೇ ಬೀಗ ಹಾಕಿ, ಬೀಗದ ಕೈ ನಿಮ್ಮ ಹತ್ತಿರವೇ ಇಟ್ಟುಕೊಂಡು, ಉಳಿದ ಒತ್ತಡ ಬಿಡುಗಡೆ ಮಾಡಿ, ಕೊನೆಗೆ ಸ್ಟಾರ್ಟ್ ಒತ್ತಿ ನಿಜವಾಗಿ ಓಡುವುದಿಲ್ಲ ಅಂತ ಖಾತ್ರಿ ಮಾಡಿಕೊಳ್ಳುವುದು. ಈ ಕೊನೆಯ ಹೆಜ್ಜೆ ಹೇಳುವವರು ಕಡಿಮೆ. ಹೇಳಿದವರು ನಿಜವಾಗಿ ಕೆಲಸ ಮಾಡಿದವರು ಅಂತ ನನಗೆ ಕೂಡಲೇ ನಂಬಿಕೆ ಬರುತ್ತದೆ.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. 2019ರ ಜನವರಿ 25ರಂದು ಬ್ರೆಜಿಲ್‌ನ ಬ್ರುಮಾಡಿನ್ಯೊದಲ್ಲಿ ಕಬ್ಬಿಣದ ಅದಿರಿನ ಗಣಿಯ ತ್ಯಾಜ್ಯದ ಅಣೆಕಟ್ಟು (ಅದಿರು ಸಂಸ್ಕರಿಸಿದ ಮೇಲೆ ಉಳಿಯುವ ಕೆಸರನ್ನು ತಡೆದಿಡುವುದು) ಒಡೆದು 270 ಜನ ಸತ್ತರು. ಊಟದ ಹೊತ್ತಾಗಿತ್ತು, ಗಣಿಯ ಕ್ಯಾಂಟೀನ್ ಅಣೆಕಟ್ಟಿನ ಕೆಳಗೇ ಇತ್ತು. ಸತ್ತವರಲ್ಲಿ ಹೆಚ್ಚಿನವರು ಗಣಿಯ ಕೆಲಸಗಾರರೇ. ಅದಾದ ಮೇಲೆ 2020ರಲ್ಲಿ ತ್ಯಾಜ್ಯ ಅಣೆಕಟ್ಟುಗಳಿಗೆ ಜಾಗತಿಕ ಮಾನದಂಡ ಬಂತು. ಅದೇ 2020ರ ಮೇ ತಿಂಗಳಲ್ಲಿ ಆಸ್ಟ್ರೇಲಿಯಾದ ಜೂಕನ್ ಕಮರಿಯಲ್ಲಿ ಮೂಲನಿವಾಸಿಗಳಿಗೆ ಪವಿತ್ರವಾದ, 46,000 ವರ್ಷ ಹಿಂದೆಯೇ ಜನ ಬಳಸಿದ್ದ ಗುಹೆಗಳು ಗಣಿ ಸ್ಫೋಟದಲ್ಲಿ ಹಾಳಾದವು. ಇವೆರಡನ್ನೂ ಓದಿಕೊಂಡು ಹೋಗಿ. ಪ್ಯಾನೆಲ್‌ನಲ್ಲಿ ಕೇಳದಿದ್ದರೂ ಪರವಾಗಿಲ್ಲ, ಈ ಕೆಲಸಕ್ಕೆ ಬರುವವರಿಗೆ ಇದು ಗೊತ್ತಿರಬೇಕು.

ಪಂಪ್‌ಹೌಸ್

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಗಾರ್ಡ್ ವಿಷಯದಲ್ಲಿ ನಾನು ಬೆಲ್ಟ್ ಓಡಿಸಲು ಒಪ್ಪದೆ ಇದ್ದದ್ದು ಇದೆ, ಅದನ್ನು ಹೇಳಬಹುದು ಅಂತ ಅನ್ನಿಸಿರಲೇ ಇಲ್ಲ. ಇನ್ನೆರಡು ಪ್ರಶ್ನೆ. ಗಣಿಯ ಬಗ್ಗೆ ಎಷ್ಟು ತಾಂತ್ರಿಕ ಜ್ಞಾನ ಬೇಕು? ಮತ್ತೆ "ಇಂಥ ಸಂದರ್ಭದಲ್ಲಿ ಏನು ಮಾಡುತ್ತೀರಿ" ಟೆಸ್ಟ್‌ನಲ್ಲಿ ಕಂಪನಿಗೆ ಇಷ್ಟವಾಗುವ ಉತ್ತರ ಊಹಿಸಿ ಕೊಡಬೇಕಾ?

ಅದಿರುಲೆಕ್ಕ

ತಾಂತ್ರಿಕ ಜ್ಞಾನ ಮೂಲಭೂತದ್ದು ಸಾಕು, ಆದರೆ ಲೆಕ್ಕ ಮಾಡಲು ಬರಬೇಕು. ಅದಿರಿನ ಗುಣಮಟ್ಟ ತೆಗೆದುಕೊಳ್ಳಿ. ತಾಮ್ರದ ಅದಿರಿನಲ್ಲಿ ಶೇಕಡಾ 0.8 ತಾಮ್ರ ಇದ್ದರೆ ಒಂದು ಟನ್‌ಗೆ 8 ಕೆಜಿ. ಪ್ಲಾಂಟ್‌ನಲ್ಲಿ ಶೇಕಡಾ 90 ಕೈಗೆ ಸಿಕ್ಕರೆ 7.2 ಕೆಜಿ. ಅಂದರೆ ಉಳಿದ 990 ಕೆಜಿಗೂ ಜಾಸ್ತಿ ಕಲ್ಲನ್ನು ಒಡೆದು, ಅರೆದು, ಎಲ್ಲೋ ಜೋಪಾನವಾಗಿ ಇಡಬೇಕು. ತ್ಯಾಜ್ಯದ ಅಣೆಕಟ್ಟು ಯಾಕೆ ಅಷ್ಟು ದೊಡ್ಡದಾಗಿರುತ್ತದೆ ಅಂತ ಇದರಲ್ಲೇ ತಿಳಿಯುತ್ತದೆ. ತೆರೆದ ಗಣಿಯಲ್ಲಿ ಇನ್ನೊಂದು ಲೆಕ್ಕ ಇದೆ. ಒಂದು ಟನ್ ಅದಿರಿಗೆ ಎಷ್ಟು ಟನ್ ಬರೀ ಮಣ್ಣು, ಕಲ್ಲು ತೆಗೆಯಬೇಕು ಅನ್ನುವುದು. ಅದು 3 ಆಗಿದ್ದರೆ 2 ಕೋಟಿ ಟನ್ ಅದಿರಿಗೆ ಒಟ್ಟು 8 ಕೋಟಿ ಟನ್ ಸಾಗಿಸಬೇಕು.

ಹಾಗಾಗಿಯೇ ಗಣಿಯಲ್ಲಿ ಟ್ರಕ್ ನಿಂತರೆ ದೊಡ್ಡ ತಲೆನೋವು. ಕ್ಯಾಟರ್‌ಪಿಲ್ಲರ್ 797ಎಫ್ ಅನ್ನುವ ಗಣಿ ಟ್ರಕ್ ಒಂದು ಸಲಕ್ಕೆ 363 ಟನ್ ಹೊರುತ್ತದೆ. ಹೋಗಿ ಬರಲು ಅರ್ಧ ಗಂಟೆ ಅಂತ ಇಟ್ಟುಕೊಂಡರೆ, ಒಂದು ಗಂಟೆ ನಿಂತಾಗ 726 ಟನ್ ಹೋಯಿತು. ನೀವು ಮೇಂಟೆನೆನ್ಸ್‌ನವರು, ಇದು ನಿಮ್ಮ ಮನೆ ಅಂಗಳದ ವಿಷಯ. ಎಷ್ಟು ಗಂಟೆಗೊಮ್ಮೆ ಕೆಡುತ್ತದೆ, ಸರಿ ಮಾಡಲು ಎಷ್ಟು ಹೊತ್ತು ಬೇಕು, ಕೆಡುವ ಮುಂಚೆ ಎಣ್ಣೆಯ ಪರೀಕ್ಷೆಯಲ್ಲಿ, ವೈಬ್ರೇಷನ್‌ನಲ್ಲಿ ಏನು ಕಾಣುತ್ತದೆ ಅಂತ ಮಾತಾಡಿ. ಗೇರ್‌ಬಾಕ್ಸ್ ಕಾರ್ಖಾನೆಯದ್ದೋ ಗಣಿಯದ್ದೋ, ಬೇರಿಂಗ್ ಸವೆಯುವ ರೀತಿ ಒಂದೇ. ಪಠ್ಯಪುಸ್ತಕ ಬೇಡ.

ಸಂದರ್ಭದ ಟೆಸ್ಟ್‌ನಲ್ಲಿ ಊಹಿಸಲು ಹೋಗಬೇಡಿ. ಸ್ವಭಾವದ ಪ್ರಶ್ನಾವಳಿ ಇದ್ದರೆ ಅಲ್ಲಂತೂ ಒಂದೇ ವಿಷಯವನ್ನು ಬೇರೆ ಬೇರೆ ಮಾತಿನಲ್ಲಿ ಕೇಳುತ್ತಾರೆ, ಹೊಂದಾಣಿಕೆ ಇಲ್ಲದಿದ್ದರೆ ಕಾಣಿಸುತ್ತದೆ.

ರೋಸ್ಟರ್

ಯಾರೂ ಹೇಳದ ಒಂದೆರಡು ವಿಷಯ ಸೇರಿಸುತ್ತೇನೆ.

ವಿಡಿಯೊ ಇಂಟರ್ವ್ಯೂನಲ್ಲಿ ಎಷ್ಟೋ ಸಲ ಎದುರಿಗೆ ಮನುಷ್ಯರೇ ಇರುವುದಿಲ್ಲ. ಪರದೆ ಮೇಲೆ ಪ್ರಶ್ನೆ ಬರುತ್ತದೆ, ಯೋಚಿಸಲು ಸ್ವಲ್ಪ ಹೊತ್ತು, ಉತ್ತರಕ್ಕೆ ಎರಡು ಮೂರು ನಿಮಿಷ, ಅಷ್ಟೇ. ತಲೆ ಆಡಿಸುವವರು ಯಾರೂ ಇಲ್ಲದೆ ಮಾತಾಡುವುದು ವಿಚಿತ್ರ ಅನ್ನಿಸುತ್ತದೆ. ಫೋನ್‌ನಲ್ಲಿ ರೆಕಾರ್ಡ್ ಮಾಡಿಕೊಂಡು ಅಭ್ಯಾಸ ಮಾಡಿ. ಬರೆದಿಟ್ಟುಕೊಂಡು ಓದಬೇಡಿ, ಕಣ್ಣು ಓಡಾಡುವುದು ಗೊತ್ತಾಗುತ್ತದೆ.

ಮತ್ತೆ ರೋಸ್ಟರ್, ಅಂದರೆ ಕೆಲಸ ಮತ್ತು ರಜೆಯ ಪಾಳಿ. ದೂರದ ಗಣಿಗಳಲ್ಲಿ 12 ಗಂಟೆ ಶಿಫ್ಟ್ ಸಾಮಾನ್ಯ, ಎರಡು ವಾರ ಕೆಲಸ, ಒಂದು ವಾರ ಮನೆ ಅನ್ನುವ ಥರದ ಏರ್ಪಾಡೂ ಇರುತ್ತದೆ. ರಾತ್ರಿ ಪಾಳಿ ಇದ್ದೇ ಇರುತ್ತದೆ. "ನಿಮಗೆ ಆಗುತ್ತದಾ" ಅಂತ ಕೇಳಿದಾಗ ಸುಮ್ನೆ "ಆಗುತ್ತದೆ" ಅಂದುಬಿಡಬೇಡಿ. ಮನೆಯವರ ಜೊತೆ ಈಗಲೇ ಕೂತು ಮಾತಾಡಿ, ಮಕ್ಕಳನ್ನೋ ವಯಸ್ಸಾದವರನ್ನೋ ಯಾರು ನೋಡಿಕೊಳ್ಳುತ್ತಾರೆ ಅಂತ ತೀರ್ಮಾನ ಮಾಡಿಕೊಂಡು ಹೋಗಿ. ನಿದ್ದೆ ಹೇಗೆ ಹೊಂದಿಸಿಕೊಳ್ಳುತ್ತೀರಿ ಅಂತಲೂ ಯೋಚಿಸಿ, ಯಾಕೆಂದರೆ ದಣಿದ ಡ್ರೈವರ್, ದಣಿದ ಫಿಟ್ಟರ್ ಇಬ್ಬರೂ ಗಣಿಯಲ್ಲಿ ಅಪಾಯವೇ.

ಮೆಡಿಕಲ್‌ನಲ್ಲಿ ಕಿವಿ, ಕಣ್ಣು, ಬಣ್ಣ ಗುರುತಿಸುವುದು, ಶ್ವಾಸಕೋಶ, ಬೆನ್ನು ನೋಡುತ್ತಾರೆ, ಮದ್ಯ ಮತ್ತು ಮಾದಕ ವಸ್ತುಗಳ ಪರೀಕ್ಷೆಯೂ ಇರುತ್ತದೆ. ಡಾಕ್ಟರ್ ಬರೆದ ಯಾವುದಾದರೂ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಪರೀಕ್ಷೆಗೆ ಮುಂಚೆಯೇ ಹೇಳಿ, ಚೀಟಿ ತೋರಿಸಿ.

ಕೊನೆಯದಾಗಿ, ಎಲ್ಲೇ ಆಗಲಿ ರಿಜಿಸ್ಟ್ರೇಷನ್, ಮೆಡಿಕಲ್, ವೀಸಾ ಅಂತ ದುಡ್ಡು ಕೇಳಿದರೆ ಅಲ್ಲಿಗೇ ನಿಲ್ಲಿಸಿ. ದೊಡ್ಡ ಗಣಿ ಕಂಪನಿಗಳ ಹೆಸರಲ್ಲಿ ನಕಲಿ ಆಫರ್ ಲೆಟರ್ ಕಳಿಸುವವರು ಇದ್ದಾರೆ. ಮೇಲ್ ಬಂದ ವಿಳಾಸವನ್ನು ಅಕ್ಷರ ಅಕ್ಷರ ನೋಡಿ, ಕಂಪನಿಯ ಸ್ವಂತ ಸೈಟ್‌ಗೆ ಹೋಗಿ ಆ ಹುದ್ದೆ ಅಲ್ಲಿ ಇದೆಯಾ ಅಂತ ಪರೀಕ್ಷಿಸಿ.

ಬೆಂಚ್ ಸೂಪರ್‌ವೈಸರ್

ರೋಸ್ಟರ್ ಬಗ್ಗೆ ಹೇಳಿದ್ದು ನೂರಕ್ಕೆ ನೂರು ನಿಜ. ಪಂಪ್‌ಹೌಸ್ ಅವರೇ, ಆ ಬೆಲ್ಟ್ ಘಟನೆಯನ್ನು ಇವತ್ತೇ ಬರೆದಿಡಿ, ಮರೆಯುವ ಮುಂಚೆ. ಗಾರ್ಡ್ ಯಾರು ಬಿಚ್ಚಿದ್ದರು, ನೀವು ಯಾರಿಗೆ ಹೇಳಿದಿರಿ, ಬೆಲ್ಟ್ ಎಷ್ಟು ಹೊತ್ತು ನಿಂತಿತು, ಮತ್ತೆ ಹಾಗೆ ಆಗದಂತೆ ಆಮೇಲೆ ಏನು ಬದಲಾಯಿತು. ಈ ಕೊನೆಯದನ್ನು ನಾನು ಖಂಡಿತ ಕೇಳುತ್ತೇನೆ. ಏನೂ ಬದಲಾಗಿಲ್ಲ ಅಂದರೆ ಹಾಗಂತಲೇ ಹೇಳಿ, ಈಗ ಮಾಡುವುದಾದರೆ ಏನು ಮಾಡುತ್ತೀರಿ ಅಂತ ಸೇರಿಸಿ. ಪ್ಯಾನೆಲ್ ಮುಗಿದ ಮೇಲೆ ಇಲ್ಲಿ ಬಂದು ಹೇಗಾಯಿತು ಅಂತ ತಿಳಿಸಿ.