ಜನವರಿಯ ಜಂಟಿ ಪ್ರಾರ್ಥನೆ ಮುಗಿದ ಮೇಲೆ ನಮ್ಮ ಐಕ್ಯತೆ ಎಲ್ಲಿರುತ್ತದೆ?

ಪ್ರಶ್ನೆ: ಬೆಟಗೇರಿಯ ಸಭಾಸದಸ್ಯ

ನಾನು ಗದಗ-ಬೆಟಗೇರಿಯ ಸಿ.ಎಸ್.ಐ. (ಹಲವು ಪ್ರೊಟೆಸ್ಟಂಟ್ ಸಭೆಗಳು ಕೂಡಿ ಆದ ದಕ್ಷಿಣ ಭಾರತ ಸಭೆ) ಸಭೆಯೊಂದರ ಕಮಿಟಿಯಲ್ಲಿದ್ದೇನೆ. ಜನವರಿ 18ರಿಂದ 25ರವರೆಗಿನ ಕ್ರೈಸ್ತ ಐಕ್ಯತಾ ಪ್ರಾರ್ಥನಾ ವಾರದಲ್ಲಿ ಒಂದು ಸಂಜೆ ಕಥೋಲಿಕರು, ನಾವು ಮತ್ತು ಒಂದೆರಡು ಪೆಂತೆಕೋಸ್ತ ಸಭೆಗಳವರು ಕೂಡಿ, ಯೋಹಾನನ ಸುವಾರ್ತೆಯ 17ನೆಯ ಅಧ್ಯಾಯ ಓದಿ, ಎಲ್ಲರೂ ಒಂದಾಗಲೆಂದು ಪ್ರಾರ್ಥಿಸಿ, ಚಹಾ ಕುಡಿದು ಮನೆಗೆ ಹೋಗುತ್ತೇವೆ. ಈ ವರ್ಷ ಅದಾದ ಮೂರು ವಾರಕ್ಕೆ ನಮ್ಮ ಓಣಿಯ ಗೌಂಡಿಯೊಬ್ಬರು ಸಾರವೆಯಿಂದ ಬಿದ್ದು ತೊಡೆಯ ಎಲುಬು ಮುರಿದುಕೊಂಡರು. ಅವರು ಮೊದಲು ನಮ್ಮ ಸಭೆಯವರೇ. ಐದಾರು ವರ್ಷಗಳ ಹಿಂದೆ ಪೆಂತೆಕೋಸ್ತ ಸಭೆಗೆ ಸೇರಿದವರು. ಕಮಿಟಿಯಲ್ಲಿ ಸಹಾಯದ ಮಾತು ಬಂದಾಗ "ಅವರ ಪಾಸ್ಟರ್ ನೋಡಿಕೊಳ್ಳಲಿ" ಎಂದು ಒಬ್ಬರು ಹೇಳಿದರು, ಮಾತು ಅಲ್ಲಿಗೇ ನಿಂತಿತು. ನಾನೂ ಬಾಯಿ ಬಿಡಲಿಲ್ಲ, ಅದು ಇಂದಿಗೂ ಮನಸ್ಸನ್ನು ಕೊರೆಯುತ್ತಿದೆ. ಬೋಧನೆಯ ಭೇದಗಳು ತೀರುವವರೆಗೆ ನಮ್ಮ ಒಗ್ಗಟ್ಟು ಪ್ರಾರ್ಥನೆಯಷ್ಟಕ್ಕೇ ಇರಬೇಕೇ?

ಉತ್ತರ: ಧಾರವಾಡದ ನಿವೃತ್ತ ಶಿಕ್ಷಕ

ನಮ್ಮ ಸಿ.ಎಸ್.ಐ. ಹುಟ್ಟಿದ್ದೇ ಇಂಥ ಸಂಕಟದಿಂದ. 1919ರಲ್ಲಿ ತಮಿಳುನಾಡಿನ ತರಂಗಂಬಾಡಿಯಲ್ಲಿ ಆಂಗ್ಲಿಕನ್ ಬಿಷಪ್ ವಿ. ಎಸ್. ಅಜರಯ್ಯ ಮೊದಲಾದವರು ಕೂಡಿ, ನಮ್ಮನ್ನು ಬೇರೆಮಾಡಿರುವ ಭೇದಗಳು ಹೊರಗಿನಿಂದ ನಮ್ಮ ಮೇಲೆ ಬಂದವು, ನಾವು ಮಾಡಿಕೊಂಡವಲ್ಲ ಎಂದು ಹೇಳಿ ಐಕ್ಯತೆಗೆ ಕರೆ ಕೊಟ್ಟರು. ಬಿಷಪ್ ಪದವಿಯ ಸ್ವರೂಪವೇನು, ಹಳೆಯ ಸಭೆಗಳ ಸಭಾಪಾಲಕರ ಅಭಿಷೇಕವನ್ನು ಹೇಗೆ ಮಾನ್ಯಮಾಡುವುದು ಎಂಬಂಥ ಚರ್ಚೆಗಳಲ್ಲಿ 28 ವರ್ಷ ಹೋದವು. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಸಭೆಗಳು ಒಂದಾದಾಗ ಅಜರಯ್ಯನವರು ತೀರಿಕೊಂಡು ಎರಡು ವರ್ಷ ಮೀರಿತ್ತು. ಆ ಚರ್ಚೆ ವ್ಯರ್ಥವೆಂದು ನಾನು ಹೇಳಲಾರೆ, ಏಕೆಂದರೆ ಅವಸರದಲ್ಲಿ ಕಟ್ಟಿದ ಒಗ್ಗಟ್ಟು ಬೇಗನೆ ಒಡೆಯುತ್ತದೆ. ಆದರೆ ಮುರಿದ ಎಲುಬಿನವರು 28 ವರ್ಷ ಕಾಯಲಾರರು. ಹಸಿದವನಿಗೆ ಏನೂ ಕೊಡದೆ ಸಮಾಧಾನದಿಂದ ಹೋಗೆನ್ನುವ ನಂಬಿಕೆ ಸತ್ತದ್ದೆಂದು ಬೈಬಲಿನ ತನ್ನ ಪತ್ರದಲ್ಲಿ ಯಾಕೋಬನು ಬರೆಯುವಾಗ, ಆ ಹಸಿದವನು ಯಾವ ಸಭೆಯವನೆಂದು ಕೇಳುವುದಿಲ್ಲ.

ಉತ್ತರ: ಹುಬ್ಬಳ್ಳಿಯ ಗೃಹಿಣಿ

ಅಣ್ಣಾವರೇ, ನಾನು ಕಥೋಲಿಕಳು. ಪರಮಪ್ರಸಾದವನ್ನು (ಪ್ರಭುಭೋಜನದ ರೊಟ್ಟಿಯನ್ನು) ನಿಮ್ಮೊಡನೆ ಒಂದೇ ಪೀಠದಲ್ಲಿ ಸ್ವೀಕರಿಸಲು ನಮ್ಮ ಧರ್ಮಸಭೆ ಅನುಮತಿಸುವುದಿಲ್ಲ, ಆ ನೋವನ್ನು ಹಗುರ ಮಾತಿನಿಂದ ದಾಟಲು ನಾನು ಇಷ್ಟಪಡುವುದಿಲ್ಲ. ಆದರೆ ನಮ್ಮ ಬಿಷಪರೆಲ್ಲ ಕೂಡಿದ ಎರಡನೆಯ ವ್ಯಾಟಿಕನ್ ಮಹಾಸಭೆಯು 1964ರಲ್ಲಿ ಹೊರಡಿಸಿದ ಐಕ್ಯತೆಯ ಆದೇಶವು ಇತರ ಸಭೆಗಳಲ್ಲಿ ದೀಕ್ಷಾಸ್ನಾನ ಪಡೆದವರನ್ನೂ ಸಹೋದರರೆಂದು ಒಪ್ಪಿ, ಹಸಿವು, ಬಡತನ, ವಸತಿಯ ಕೊರತೆಗಳ ವಿರುದ್ಧ ಕೂಡಿ ದುಡಿಯಬೇಕೆಂದು ಸ್ಪಷ್ಟವಾಗಿ ಹೇಳುತ್ತದೆ.

ನಮ್ಮ ಪಕ್ಕದ ಮನೆಯ ಅಜ್ಜಿ ನಿಮ್ಮ ಸಭೆಯವರು. ಅವರು ಹಾಸಿಗೆ ಹಿಡಿದಾಗ ಎರಡು ತಿಂಗಳು ರಾತ್ರಿ ರೊಟ್ಟಿಯನ್ನು ಮುರಿದು ಬಿಸಿ ಹಾಲಿನಲ್ಲಿ ನೆನೆಸಿ ಉಣಿಸುತ್ತಿದ್ದೆ. ಉಂಡ ಮೇಲೆ ಅವರು ಪ್ರಭುವಿನ ಪ್ರಾರ್ಥನೆ ಶುರುಮಾಡುತ್ತಿದ್ದರು. ಅವರು "ನಿನ್ನ ನಾಮವು" ಎನ್ನುವಾಗ ನನ್ನ ಬಾಯಲ್ಲಿ "ನಿಮ್ಮ ನಾಮವು" ಎಂದು ಬರುತ್ತಿತ್ತು; ಮೊದಮೊದಲು ಇಬ್ಬರೂ ತಡವರಿಸಿ ನಿಲ್ಲುತ್ತಿದ್ದೆವು. ಆಮೇಲೆ ನಿಲ್ಲುವುದನ್ನು ಬಿಟ್ಟೆವು, ಅವರವರ ಮಾತಿನಲ್ಲೇ ಕೊನೆಯವರೆಗೆ ಹೇಳುತ್ತಿದ್ದೆವು.

ಉತ್ತರ: ಹಾವೇರಿ ಜಿಲ್ಲೆಯ ಸಭಾಪಾಲಕ

ನಮ್ಮದು ಇಪ್ಪತ್ತು ಕುಟುಂಬಗಳ ಪೆಂತೆಕೋಸ್ತ ಸಭೆ, ಹೆಚ್ಚಿನವರು ಕೂಲಿಯ ಜನ. ದೊಡ್ಡ ಸಭೆಗಳವರು ಅಕ್ಕಿ ಚೀಲ ತಂದು, ಫೋಟೋ ತೆಗೆಸಿಕೊಂಡು ಹೋದ ದಿನಗಳನ್ನು ನಮ್ಮವರು ಮರೆತಿಲ್ಲ. ಆದ್ದರಿಂದ ಸಹಾಯ ಮಾಡುವ ಮೊದಲು ಆ ಗೌಂಡಿಯವರ ಪಾಸ್ಟರನ್ನು ಭೇಟಿಯಾಗಿ, ಅವರ ಸಭೆ ಈಗಾಗಲೇ ಏನು ಮಾಡುತ್ತಿದೆಯೆಂದು ಕೇಳಿ, ಉಳಿದದ್ದನ್ನು ಹಂಚಿಕೊಳ್ಳಿರಿ. ನಮ್ಮ ಸಭೆಗಳಲ್ಲಿ ಹಣ ಕಡಿಮೆಯಿರಬಹುದು, ಆದರೆ ಆಸ್ಪತ್ರೆಯಲ್ಲಿ ರಾತ್ರಿ ಕೂರಲು, ರಕ್ತ ಕೊಡಲು ಹುಡುಗರಿದ್ದಾರೆ. ಗೌಂಡಿಯವರು ನಿಮ್ಮ ಸಭೆ ಬಿಟ್ಟುಹೋದದ್ದನ್ನು ಮಾತ್ರ ಆ ಮನೆಯಲ್ಲಿ ಎತ್ತಬೇಡಿರಿ.

ಮರುಉತ್ತರ: ಬೆಟಗೇರಿಯ ಸಭಾಸದಸ್ಯ

ಮೂವರಿಗೂ ವಂದನೆಗಳು. ನಿನ್ನೆ ಸಂಜೆ ಆ ಪಾಸ್ಟರ್ ಅವರನ್ನು ಕಂಡೆ. ಔಷಧದ ಖರ್ಚನ್ನು ಅವರ ಸಭೆ ಹೊತ್ತಿದೆ. ಮೂರು ತಿಂಗಳ ಮನೆಬಾಡಿಗೆಗೆ ದಾರಿಯಿಲ್ಲವೆಂದರು. ಮೊದಲ ತಿಂಗಳದ್ದನ್ನು ನಾನೇ ಕೊಟ್ಟಿದ್ದೇನೆ. ಉಳಿದೆರಡು ತಿಂಗಳ ವಿಷಯವನ್ನು ಬರುವ ಭಾನುವಾರ ಕಮಿಟಿಯಲ್ಲಿ ಎದ್ದು ನಿಂತು ಕೇಳುತ್ತೇನೆ.